ಎರಡು ಕಿಲೋಮೀಟರ್ ಕಾಡುದಾರಿಗೆ ಎರಡು ಗಂಟೆ ಕೊಡಿ

ಪ್ರಶ್ನೆ: ನಮ್ಮ ಮನೆ ಹತ್ತಿರ ಒಂದು ಚಿಕ್ಕ ಸಂರಕ್ಷಿತ ಕಾಡು ಇದೆ. ಒಳಗೆ ಮೂರು ಕಾಲುದಾರಿ, ಒಂದೊಂದೂ ಎರಡು ಮೂರು ಕಿಲೋಮೀಟರ್. ಮೊನ್ನೆ ಭಾನುವಾರ ಮಧ್ಯಾಹ್ನ ಏಳು ವರ್ಷದ ಮಗ, ಅರವತ್ತೈದು ದಾಟಿದ ಅಮ್ಮ, ನಾವಿಬ್ಬರು ಹೋಗಿದ್ದೆವು. ಮುಕ್ಕಾಲು ಗಂಟೆಯಲ್ಲಿ ಮುಗಿದೇ ಹೋಯಿತು. ಪ್ರಾಣಿ ಇಲ್ಲ, ಪಕ್ಷಿ ಇಲ್ಲ, ಬರೀ ಮರ. ಮಗ ಬೋರ್ ಅಂದ. ಅಮ್ಮನಿಗೆ ಇಳಿಜಾರಿನಲ್ಲಿ ಮಂಡಿ ನೋವು. ಇಷ್ಟು ಚಿಕ್ಕ ಟ್ರೇಲ್‌ಗೆ ಮತ್ತೆ ಹೋಗುವುದರಲ್ಲಿ ಅರ್ಥ ಇದೆಯಾ? ಹೋದರೆ ಶೂ, ನೀರು, ಹಾವು, ಉಣುಗು, ದಾರಿ ತಪ್ಪುವುದು, ಇದಕ್ಕೆಲ್ಲ ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಉತ್ತರ: ಅರ್ಥ ಇದೆ. ಖಂಡಿತ ಹೋಗಿ. ನೀವು ಬರೆದಿದ್ದನ್ನು ನೋಡಿದರೆ ಆ ಕಾಡಿನಲ್ಲಿ ಏನೂ ಕೊರತೆ ಇದ್ದಂತಿಲ್ಲ. ನೀವು ಹೋದ ಹೊತ್ತು ಸರಿಯಿರಲಿಲ್ಲ, ನಡೆದ ವೇಗವೂ ಜಾಸ್ತಿಯಾಯಿತು. ಜನರನ್ನು ಕಾಡಿಗೆ ಕರೆದುಕೊಂಡು ಹೋಗುವುದೇ ನನ್ನ ಕೆಲಸ, ಮೊದಲ ಸಲ ಬರುವವರಲ್ಲಿ ಹೆಚ್ಚಿನವರು ಹೀಗೇ ಮಾಡುತ್ತಾರೆ. ಗೇಟಿನ ಬೋರ್ಡಿನಲ್ಲಿ ಎರಡೂವರೆ ಕಿಲೋಮೀಟರ್ ಅಂತ ಬರೆದಿದ್ದರೆ ಅಷ್ಟನ್ನೂ ನಡೆದು ಮುಗಿಸಬೇಕು ಅಂದುಕೊಳ್ಳುತ್ತಾರೆ, ಮುಗಿದ ಮೇಲೆ ಇಷ್ಟೇನಾ ಅನ್ನುತ್ತಾರೆ. ಬೆಟ್ಟದ ಚಾರಣದಲ್ಲಿ ತುದಿ ಮುಟ್ಟುವುದು ಗುರಿ, ಸರಿ. ಚಿಕ್ಕ ಕಾಡುದಾರಿಗೆ ತುದಿಯೇ ಇಲ್ಲವಲ್ಲ, ಹೊರಟ ಗೇಟಿಗೇ ವಾಪಸ್ ಬರುತ್ತೀರಿ. ಹಾಗಾಗಿ ಅಲ್ಲಿ ದೂರದ ಲೆಕ್ಕ ಬಿಟ್ಟು ಹೊತ್ತಿನ ಲೆಕ್ಕ ಹಿಡಿಯಬೇಕು.

ಮೊದಲು ಹೊತ್ತಿನ ವಿಷಯ. ಮಧ್ಯಾಹ್ನ ಕಾಡು ಮಲಗಿರುತ್ತದೆ. ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಹಕ್ಕಿಗಳು ಕೂಗುವುದು, ಮೇಯುವುದು ಎಲ್ಲ ಜೋರು. ಬಿಸಿಲು ಏರಿದ ಹಾಗೆ ಅವು ಎಲೆಗಳ ಮರೆಗೆ ಸೇರಿ ಸುಮ್ಮನಾಗುತ್ತವೆ. ಸಸ್ತನಿಗಳಲ್ಲಿ ಬಹಳಷ್ಟು ಮುಂಜಾನೆ, ಮುಸ್ಸಂಜೆ ಅಥವಾ ರಾತ್ರಿ ಓಡಾಡುವಂಥವು. ಆದ್ದರಿಂದ ಗೇಟ್ ತೆರೆಯುವ ಹೊತ್ತಿಗೇ ಹೋಗಿ. ಆ ದಿನ ದಾರಿಯಲ್ಲಿ ನೀವೇ ಮೊದಲಿಗರೋ ಅಲ್ಲವೋ ತಿಳಿಯಲು ಒಂದು ಸುಲಭದ ದಾರಿ ಇದೆ: ದಾರಿಗೆ ಅಡ್ಡ ಕಟ್ಟಿದ ಜೇಡರ ಬಲೆ ಮುಖಕ್ಕೆ ತಾಗುತ್ತಿದ್ದರೆ ನಿಮಗಿಂತ ಮುಂಚೆ ಯಾರೂ ಬಂದಿಲ್ಲ. ಅಂಥ ದಿನ ಮುಂದಿನ ತಿರುವಿನಲ್ಲಿ ಏನಾದರೂ ಕಾಣುವ ಸಾಧ್ಯತೆ ಜಾಸ್ತಿ, ಮಾತು ನಿಲ್ಲಿಸಿ ನಡೆಯಿರಿ.

ಬೆಳಿಗ್ಗೆ ಆಗುವುದೇ ಇಲ್ಲ, ಮಧ್ಯಾಹ್ನವೇ ಬಿಡುವು ಅಂದರೂ ಚಿಂತೆಯಿಲ್ಲ, ಆಗ ಹಕ್ಕಿಯನ್ನು ಬಿಟ್ಟು ಬೇರೆ ನೋಡಿ. ದಟ್ಟವಾದ ಮಳೆಕಾಡಿನಲ್ಲಿ ಮೇಲೆ ಬಿದ್ದ ಬೆಳಕಿನಲ್ಲಿ ಬರೀ 1ರಿಂದ 2 ಶೇಕಡಾ ನೆಲ ಮುಟ್ಟುತ್ತದೆ. ನಿಮ್ಮ ಕಾಡು ಅಷ್ಟು ದಟ್ಟ ಇಲ್ಲದಿದ್ದರೂ ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಬಿಸಿಲಿನ ತುಣುಕು ಬಿದ್ದಿರುತ್ತದೆ ಅಲ್ವಾ, ಅಲ್ಲಿ ನಿಲ್ಲಿ. ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಹಲ್ಲಿ ಜಾತಿಯವು, ಇವಕ್ಕೆಲ್ಲ ಮೈ ಬೆಚ್ಚಗಾಗಲು ಬಿಸಿಲು ಬೇಕು, ಹಾಗಾಗಿ ಆ ತುಣುಕಿಗೇ ಬಂದು ಕೂರುತ್ತವೆ. ಸೆಕೆಯ ದಿನಗಳಲ್ಲೂ ಕಾಡಿನೊಳಗೆ ಹಾಯಾಗಿರುತ್ತದೆ. 2019ರಲ್ಲಿ ಪ್ರಪಂಚದ ಬೇರೆ ಬೇರೆ ಕಾಡುಗಳ ಅಳತೆಗಳನ್ನು ಒಟ್ಟು ಹಾಕಿ ನೋಡಿದಾಗ, ಮರಗಳ ಕೆಳಗಿನ ಗರಿಷ್ಠ ತಾಪಮಾನ ಹೊರಗಿನ ಬಯಲಿಗಿಂತ ಸರಾಸರಿ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಇತ್ತು.

ಇನ್ನು ವೇಗ. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟರು. ಇವತ್ತಿಗೂ ನಡೆಯುವವರು ಅದನ್ನೇ ಬಳಸುತ್ತಾರೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ಮೂರು ಕಿಲೋಮೀಟರ್ ದಾರಿಯಲ್ಲಿ 60 ಮೀಟರ್ ಏರು ಇದೆ ಅಂದುಕೊಳ್ಳಿ, 36 ನಿಮಿಷಕ್ಕೆ 6 ನಿಮಿಷ ಸೇರಿಸಿ 42 ನಿಮಿಷ. ಇದು ಗಟ್ಟಿಮುಟ್ಟಾದ ಮನುಷ್ಯ ಎಲ್ಲೂ ನಿಲ್ಲದೆ ನಡೆಯುವ ಲೆಕ್ಕ. ನೀವು ಒಂದು ಮಗು ಮತ್ತು ಅಮ್ಮನನ್ನು ಕಟ್ಟಿಕೊಂಡು ಮುಕ್ಕಾಲು ಗಂಟೆಯಲ್ಲಿ ಮುಗಿಸಿದ್ದೀರಿ! ಹೆಚ್ಚುಕಮ್ಮಿ ಪರ್ವತಾರೋಹಿಯ ವೇಗ ಅದು. ಏನೂ ಕಾಣದಿದ್ದುದರಲ್ಲಿ, ಮಂಡಿ ನೋವು ಬಂದದ್ದರಲ್ಲಿ ಆಶ್ಚರ್ಯವೇ ಇಲ್ಲ. ಅದೇ ದಾರಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಎರಡು ಗಂಟೆಯಲ್ಲಿ ಅರ್ಧ ದಾರಿಯೇ ಆದರೆ ಅಲ್ಲಿಂದಲೇ ವಾಪಸ್ ಬನ್ನಿ, ಏನೂ ನಷ್ಟವಿಲ್ಲ.

ಬರೀ ಮರ ಅಂದಿರಿ, ನಿಂತು ನೋಡುವುದಕ್ಕೆ ಏನಿದೆ ಅಂತ ಕೇಳಬಹುದು. ಬಿದ್ದು ಕೊಳೆಯುತ್ತಿರುವ ಒಂದು ಮರದಿಂದ ಶುರು ಮಾಡಿ. ಎಲ್ಲ ಕಾಡಿನಲ್ಲೂ ಅಂಥದ್ದೊಂದು ಸಿಗುತ್ತದೆ. ಅದರ ಕಾಂಡಕ್ಕೆ ಹಲಗೆ ಹಲಗೆಯಾಗಿ ಅಂಟಿಕೊಂಡ ಗಟ್ಟಿ ಅಣಬೆಗಳಿರುತ್ತವೆ. ಆ ಹಲಗೆ ಯಾವ ದಿಕ್ಕಿಗೆ ಚಾಚಿದೆ ನೋಡಿ. ಈ ಅಣಬೆಗಳ ಬೀಜಕಣಗಳು ಅಡಿಭಾಗದ ಸಣ್ಣ ಸಣ್ಣ ರಂಧ್ರಗಳಿಂದ ಕೆಳಕ್ಕೆ ಉದುರಬೇಕು, ಅದಕ್ಕೇ ಅವು ಯಾವಾಗಲೂ ನೆಲಕ್ಕೆ ಸಮಾನಾಂತರವಾಗಿ ಬೆಳೆಯುತ್ತವೆ. ಈಗ ಮಲಗಿರುವ ಕಾಂಡದ ಮೇಲೆ ಹಲಗೆಗಳು ಗೋಡೆಯ ಹಾಗೆ ನೆಟ್ಟಗೆ ನಿಂತಿದ್ದರೆ ಅವು ಮರ ನಿಂತಿದ್ದಾಗಲೇ ಬೆಳೆದವು. ನೆಲಕ್ಕೆ ಸಮವಾಗಿ ಚಾಚಿದ್ದರೆ ಮರ ಬಿದ್ದ ಮೇಲೆ ಬಂದವು. ಕೆಲವೊಮ್ಮೆ ಒಂದೇ ಅಣಬೆಯಲ್ಲಿ ಎರಡೂ ಸಿಗುತ್ತದೆ, ಹಳೆಯ ಭಾಗ ಒಂದು ದಿಕ್ಕು, ಆಮೇಲೆ ಬೆಳೆದ ಅಂಚು ಇನ್ನೊಂದು ದಿಕ್ಕು. ಮರ ಬಿದ್ದದ್ದು ಯಾವ ಹಂತದಲ್ಲಿ ಅಂತ ಆ ತಿರುವಿನಲ್ಲೇ ಕಾಣುತ್ತದೆ. ಮಗನಿಗೆ ಉತ್ತರ ಹೇಳಬೇಡಿ. ಈ ಅಣಬೆ ಬಂದಾಗ ಮರ ನಿಂತಿತ್ತಾ ಬಿದ್ದಿತ್ತಾ ಅಂತ ಕೇಳಿ ಬಿಡಿ, ಅವನೇ ಕಂಡುಹಿಡಿಯಲಿ.

ಇನ್ನೊಂದು, ಸೊಂಟದ ಎತ್ತರದ ಗಿಡಗಳ ಎಲೆ. ಕೆಲವು ಎಲೆಗಳ ಮೇಲೆ ಬೆಳ್ಳಗೆ ಅಂಕುಡೊಂಕು ಗೆರೆ ಕಾಣುತ್ತದೆ. ತೋಟ ಮಾಡುವವರಿಗೆ ಗೊತ್ತು, ರಂಗೋಲಿ ಹುಳುವಿನ ಕೆಲಸ. ಎಲೆಯ ಮೇಲಿನ ಪದರ ಮತ್ತು ಕೆಳಗಿನ ಪದರದ ನಡುವೆ ಇದ್ದುಕೊಂಡು ಹಸಿರನ್ನು ತಿನ್ನುತ್ತಾ ಹೋದ ಮರಿಹುಳುವಿನ ದಾರಿ ಅದು. ಗೆರೆಯ ಒಂದು ತುದಿ ಕೂದಲಿನಷ್ಟು ಸಣ್ಣ, ಇನ್ನೊಂದು ತುದಿ ಅಗಲ. ಸಣ್ಣ ತುದಿಯಲ್ಲಿ ಮೊಟ್ಟೆಯಿಂದ ಹೊರಬಂತು, ತಿನ್ನುತ್ತಾ ದಪ್ಪವಾಯಿತು, ಅದಕ್ಕೇ ದಾರಿಯೂ ಅಗಲವಾಯಿತು. ಗೆರೆಯ ಒಳಗೆ ಕಪ್ಪು ಚುಕ್ಕಿಗಳಿದ್ದರೆ ಅದು ಅದರ ಹಿಕ್ಕೆ. ಎಲೆಯನ್ನು ಬೆಳಕಿಗೆ ಹಿಡಿದು ಅಗಲದ ತುದಿ ನೋಡಿ, ಅದೃಷ್ಟವಿದ್ದರೆ ಹುಳು ಇನ್ನೂ ಅಲ್ಲೇ ಇರುತ್ತದೆ. ಎಲೆ ಕೀಳಬೇಡಿ, ಗಿಡದಲ್ಲಿದ್ದಂತೆಯೇ ಸ್ವಲ್ಪ ಬಾಗಿಸಿದರೆ ಸಾಕು. ಒಂದೇ ಗಿಡದ ಮುಂದೆ ಹತ್ತು ನಿಮಿಷ ಕಳೆಯುವುದು ಎಷ್ಟು ಸುಲಭ ಅಂತ ಆಗ ಗೊತ್ತಾಗುತ್ತದೆ. ಗೊತ್ತಿಲ್ಲದ ಗಿಡ ಮುಟ್ಟುವ ಮುಂಚೆ ಮಾತ್ರ ನಿಮ್ಮ ಕಡೆ ತುರಿಕೆ ಬರಿಸುವ ಗಿಡ ಯಾವುದು ಅಂತ ಸಿಬ್ಬಂದಿಯನ್ನು ಕೇಳಿಕೊಂಡಿರಿ. ಅಣಬೆ, ಹಣ್ಣು ಬಾಯಿಗೆ ಹಾಕುವುದು ಬೇಡವೇ ಬೇಡ. ಡೆತ್ ಕ್ಯಾಪ್ ಅನ್ನುವ ಅಣಬೆ ತಿಂದವರಿಗೆ ಮೊದಲ ಆರು ಗಂಟೆಗೂ ಮೀರಿ ಏನೂ ಅನಿಸದೇ ಇರಬಹುದು, ಅಷ್ಟರಲ್ಲಿ ವಿಷ ಒಳಗೆ ಕೆಲಸ ಶುರು ಮಾಡಿರುತ್ತದೆ.

ಮಧ್ಯದಲ್ಲಿ ಒಂದು ಕಡೆ ಕೂರಿ. ಹದಿನೈದು ಇಪ್ಪತ್ತು ನಿಮಿಷ, ಫೋನ್ ಇಲ್ಲದೆ. ಚಿಕ್ಕ ಕಾಡಿನಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಉಪಾಯ ನನಗೆ ಗೊತ್ತಿಲ್ಲ. ನಾಲ್ಕು ಜನ ಮಾತಾಡುತ್ತಾ ಬಂದಾಗ ಹಕ್ಕಿ, ಅಳಿಲು ಎಲ್ಲ ಎಚ್ಚರಿಕೆಯ ಕೂಗು ಹಾಕಿ ಸರಿದು ಹೋಗುತ್ತವೆ, ನೀವು ನಡೆಯುತ್ತಲೇ ಇದ್ದರೆ ನಿಮ್ಮ ಮುಂದೆ ಮುಂದೆ ಆ ಸುದ್ದಿಯೂ ಹೋಗುತ್ತಿರುತ್ತದೆ, ನಿಮಗೆ ಸಿಗುವುದು ಖಾಲಿ ಕಾಡು. ಕೂತು ಸುಮ್ಮನಾದರೆ ಐದಾರು ನಿಮಿಷಕ್ಕೆ ಒಂದೊಂದೇ ಸದ್ದು ಮರಳುತ್ತದೆ. ಮರಕುಟಿಗ ತೊಗಟೆ ತಟ್ಟುವುದು, ತರಗೆಲೆಯಡಿ ಏನೋ ಸರಸರ ಅನ್ನುವುದು. ಏಳು ವರ್ಷದ ಹುಡುಗ ಇಪ್ಪತ್ತು ನಿಮಿಷ ಕೂರುವುದಿಲ್ಲ, ಗೊತ್ತು. ಅವನಿಗೆ ಐದು ನಿಮಿಷ ಸಾಕು. ಕಣ್ಣು ಮುಚ್ಚಿ ಎಷ್ಟು ಬಗೆಯ ಸದ್ದು ಕೇಳಿತು ಅಂತ ಬೆರಳು ಮಡಚಲಿ. ಹಕ್ಕಿಯ ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಇದೆ, ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ್ದು, ಉಚಿತ. ಅದನ್ನು ಆಮೇಲೆ ಬಳಸಿ, ಮೊದಲು ಕಿವಿಗೆ ಅವಕಾಶ ಕೊಡಿ. ಆದರೆ ಫೋನಿನಿಂದ ಹಕ್ಕಿಯ ಕೂಗು ಹಾಕಿ ಹಕ್ಕಿ ಕರೆಸುವುದು ದಯವಿಟ್ಟು ಮಾಡಬೇಡಿ. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂದುಕೊಂಡು ಅದು ಮೇವು, ಮರಿ ಬಿಟ್ಟು ಓಡಿ ಬರುತ್ತದೆ.

ಮತ್ತೆ ಮತ್ತೆ ಹೋಗುವುದರ ಬಗ್ಗೆ. ಇಂಗ್ಲೆಂಡಿನ ಸುಮಾರು 20,000 ಜನರ ಉತ್ತರಗಳನ್ನು ಆಧರಿಸಿ 2019ರಲ್ಲಿ ಒಂದು ಅಧ್ಯಯನ ಬಂತು. ವಾರಕ್ಕೆ ಒಟ್ಟು 120 ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ಹಸಿರಿನ ನಡುವೆ ಕಳೆಯುವವರು, ಒಂದೂ ನಿಮಿಷ ಕಳೆಯದವರಿಗಿಂತ ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಅಂತ ಹೇಳಿದ್ದು ಹೆಚ್ಚು. ಆ ಎರಡು ಗಂಟೆಯನ್ನು ಒಂದೇ ಸಲ ಕಳೆದರೂ ಅಷ್ಟೇ, ನಾಲ್ಕು ತುಂಡು ಮಾಡಿದರೂ ಅಷ್ಟೇ. ಕಾಡಿನಿಂದಲೇ ಆರೋಗ್ಯ ಬಂತೋ, ಆರೋಗ್ಯ ಇದ್ದವರೇ ಕಾಡಿಗೆ ಹೋಗುತ್ತಾರೋ ಅನ್ನುವುದನ್ನು ಆ ಲೆಕ್ಕ ಪೂರ್ತಿ ಬಿಡಿಸುವುದಿಲ್ಲ, ಅದು ನಿಜ. ಆದರೆ ಮನೆ ಹತ್ತಿರವೇ ಕಾಡುದಾರಿ ಇರುವವರಿಗೆ ಈ ಎರಡು ಗಂಟೆ ಹೊಂದಿಸುವುದು ಎಷ್ಟು ಸುಲಭ ನೋಡಿ. ವರ್ಷಕ್ಕೊಮ್ಮೆ ದೂರದ ಬೆಟ್ಟಕ್ಕೆ ಹೋಗುವವರಿಗೆ ಈ ಅನುಕೂಲ ಇಲ್ಲ.

ಮೂರೂ ದಾರಿಗಳನ್ನು ಒಂದೊಂದು ವಾರ ಸುತ್ತುವುದಕ್ಕಿಂತ ಒಂದೇ ದಾರಿಗೆ ಕೆಲವು ತಿಂಗಳು ಹೋಗಿ ಅಂತಲೇ ನಾನು ಹೇಳುವುದು. ಎರಡನೇ ಸಲ ದಾರಿ ಹುಡುಕುವ ಕೆಲಸ ಇರುವುದಿಲ್ಲ, ಮೂರನೇ ಸಲಕ್ಕೆ ಬದಲಾವಣೆ ಕಣ್ಣಿಗೆ ಬೀಳಲು ಶುರುವಾಗುತ್ತದೆ. ಮಗನೇ ಒಂದು ಮರ ಆರಿಸಲಿ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ. ಎಲೆ ಉದುರಿತಾ, ಚಿಗುರು ಯಾವ ಬಣ್ಣ, ಹೂವು ಮೊದಲೋ ಎಲೆ ಮೊದಲೋ, ಬುಡದ ಪಾಚಿ ಒಣಗಿದೆಯಾ ಉಬ್ಬಿದೆಯಾ, ಇಷ್ಟೇ ನೋಡುವುದು. ಬೋರ್ ಅಂದ ಹುಡುಗ ತನ್ನ ಮರ ಹೇಗಿದೆ ನೋಡೋಣ ಅಂತ ತಾನೇ ಹೊರಡುತ್ತಾನೆ. ಅವನನ್ನೇ ಮುಂದೆ ನಡೆಯಲು ಬಿಡಿ, ದಾರಿಯ ಗುರುತು ಹುಡುಕುವ ಕೆಲಸ ಅವನಿಗೇ ಕೊಡಿ. ಬೇಗ ಬಾ ಬೇಗ ಬಾ ಅಂತ ಹಿಂದಿನಿಂದ ಎಳೆಸಿಕೊಳ್ಳುವ ಮಗುವಿಗೆ ಯಾವ ಕಾಡೂ ಇಷ್ಟವಾಗುವುದಿಲ್ಲ.

ಅಮ್ಮನ ಮಂಡಿ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಇದನ್ನು ಜನ ಕಡೆಗಣಿಸುತ್ತಾರೆ. ಏರು ಉಸಿರು ಕಟ್ಟಿಸುತ್ತದೆ, ಆದರೆ ಮಂಡಿಗೆ ಪೆಟ್ಟು ಕೊಡುವುದು ಇಳಿಜಾರು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅಭ್ಯಾಸ ಇಲ್ಲದವರಿಗೆ ಮಾರನೇ ದಿನ, ಅದರ ಮಾರನೇ ದಿನ ತೊಡೆ ಹಿಡಿದುಕೊಳ್ಳುವುದು ಇದರಿಂದಲೇ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಎರಡು ಟ್ರೆಕ್ಕಿಂಗ್ ಪೋಲ್ ಇದ್ದರೆ ಒಳ್ಳೆಯದು, ಇಳಿಯುವಾಗ ಅವನ್ನು ಸ್ವಲ್ಪ ಉದ್ದ ಮಾಡಿ ದೇಹಕ್ಕಿಂತ ಮುಂದೆ ಊರಬೇಕು. ಒದ್ದೆ ಬೇರಿನ ಮೇಲೆ, ಅದರಲ್ಲೂ ತೊಗಟೆ ಸವೆದು ನುಣುಪಾದ ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಇಡಿ. ಪಾಚಿ ಹಿಡಿದ ಮರದ ಸೇತುವೆಯೂ ಹಾಗೇ ಜಾರುತ್ತದೆ.

ಅಮ್ಮನಿಗೆ ದಾರಿ ಆರಿಸುವಾಗ ಸುತ್ತು ಹಾಕಿಕೊಂಡು ಬರುವ ಟ್ರೇಲ್‌ಗಿಂತ ಹೋದ ದಾರಿಯಲ್ಲೇ ವಾಪಸ್ ಬರುವ ಟ್ರೇಲ್ ಮೇಲು. ಸುತ್ತುದಾರಿಯಲ್ಲಿ ಅರ್ಧ ದಾಟಿದ ಮೇಲೆ ಸುಸ್ತಾದರೆ ಮುಂದೆ ಹೋದರೂ ಅಷ್ಟೇ, ಹಿಂದೆ ಬಂದರೂ ಅಷ್ಟೇ. ಹೋಗಿ ಬರುವ ದಾರಿಯಲ್ಲಿ ಯಾವ ಕ್ಷಣ ಬೇಕಾದರೂ ತಿರುಗಬಹುದು. ಆದರೆ ತಿರುಗಬೇಕಾದ್ದು ಸುಸ್ತಾದ ಮೇಲಲ್ಲ, ಇನ್ನೂ ಶಕ್ತಿ ಇದೆ ಅನ್ನುವಾಗಲೇ. ನೋವು ಹಾಗೇ ಉಳಿದರೆ, ಊತ ಬಂದರೆ ಡಾಕ್ಟರಿಗೆ ತೋರಿಸಿ, ಅದಕ್ಕೆ ಪೋಲ್ ಪರಿಹಾರವಲ್ಲ.

ಶೂ, ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಮೂರು ಕಿಲೋಮೀಟರಿಗೆ ದೊಡ್ಡ ಬೂಟು ಬೇಕಿಲ್ಲ. ಕಾಲು ಪೂರ್ತಿ ಮುಚ್ಚುವ, ಅಡಿಯಲ್ಲಿ ಹಿಡಿತ ಇರುವ, ಈಗಾಗಲೇ ಕಾಲಿಗೆ ಒಗ್ಗಿದ ಶೂ ಸಾಕು. ಚಪ್ಪಲಿ ಬೇಡ. ನೀರು ಗಂಟೆಗೆ ತಲಾ ಅರ್ಧ ಲೀಟರ್ ಲೆಕ್ಕ ಹಾಕಿ. ತೆಳುವಾದ ಉದ್ದ ಪ್ಯಾಂಟ್, ಉದ್ದ ತೋಳಿನ ಅಂಗಿ, ಮಳೆ ಕೋಟು, ಒಂದು ಟಾರ್ಚ್, ಒಂದು ಸೀಟಿ, ಪುಟ್ಟ ಚಿಮುಟ. ಇಷ್ಟೂ ಒಂದು ಚಿಕ್ಕ ಬ್ಯಾಗಿನಲ್ಲಿ ಹಿಡಿಸುತ್ತದೆ. ತಂದ ಕಸ ವಾಪಸ್ ಹೋಗಲಿ, ಹಣ್ಣಿನ ಸಿಪ್ಪೆಯೂ ಸೇರಿ. ಸಿಪ್ಪೆ ಕೊಳೆಯಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಪ್ರಾಣಿಗಳು ದಾರಿಯಲ್ಲಿ ತಿಂಡಿ ಸಿಗುತ್ತದೆ ಅಂತ ಕಲಿತುಬಿಡುತ್ತವೆ.

ಹಾವಿನ ಭಯ ಎಲ್ಲರಿಗೂ ಇರುತ್ತದೆ. ಹಾವು ನೆಲದ ಅದುರುವಿಕೆಯಿಂದಲೇ ನೀವು ಬರುವುದನ್ನು ತಿಳಿದು ಸಾಮಾನ್ಯವಾಗಿ ಸರಿದುಬಿಡುತ್ತದೆ. ತೊಂದರೆಯಾಗುವುದು ಕಾಣದ ಜಾಗದಲ್ಲಿ ಕೈ ಕಾಲು ಇಟ್ಟಾಗ. ಅಡ್ಡ ಬಿದ್ದ ಮರ ದಾಟುವಾಗ ಆಚೆ ಬದಿ ಬಗ್ಗಿ ನೋಡದೆ ಕಾಲಿಡಬೇಡಿ, ಕಲ್ಲಿನ ಸಂದಿ, ಪೊಟರೆಗೆ ಕೈ ಹಾಕಬೇಡಿ, ಹಾವು ಕಂಡರೆ ನಿಂತು ಹಿಂದಕ್ಕೆ ಸರಿದು ದಾರಿ ಬಿಟ್ಟುಕೊಡಿ. ಅಪ್ಪಿತಪ್ಪಿ ಕಚ್ಚಿದರೆ ಕುಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು, ಉಂಗುರ ವಾಚು ತೆಗೆದು, ಆದಷ್ಟು ಬೇಗ ಆಸ್ಪತ್ರೆ.

ಹಾವಿಗಿಂತ ಉಣುಗಿನ ಬಗ್ಗೆ ಜಾಸ್ತಿ ಗಮನ ಕೊಡಿ, ದಿನನಿತ್ಯ ಎದುರಾಗುವುದು ಅದೇ. ಉಣುಗು ಹಾರುವುದಿಲ್ಲ, ನೆಗೆಯುವುದಿಲ್ಲ. ಹುಲ್ಲಿನ ತುದಿಯಲ್ಲೋ ಎಲೆಯ ಅಂಚಿನಲ್ಲೋ ಮುಂಗಾಲು ಚಾಚಿ ಕಾಯುತ್ತದೆ. ಆ ಮುಂಗಾಲುಗಳಲ್ಲೇ ವಾಸನೆ ಹಿಡಿಯುವ ಅಂಗ ಇದೆ, ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಅದಕ್ಕೆ ಗೊತ್ತಾಗುತ್ತದೆ. ನೀವು ಸವರಿಕೊಂಡು ಹೋದರೆ ಬಟ್ಟೆ ಹಿಡಿಯುತ್ತದೆ. ಹಾಗಾಗಿ ದಾರಿಯ ನಡುವೆ ನಡೆಯಿರಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಮನೆಗೆ ಬಂದು ಎರಡು ಗಂಟೆಯೊಳಗೆ ಸ್ನಾನ ಮಾಡಿ, ಮಂಡಿಯ ಹಿಂಭಾಗ, ತೊಡೆಸಂದಿ, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡ ನೋಡಿಕೊಳ್ಳಿ, ಮಗನನ್ನು ನೀವೇ ಪರೀಕ್ಷಿಸಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ಒಂದೇ ಸಮನೆ ನೇರವಾಗಿ ಎಳೆಯಿರಿ. ತಿರುಚಬೇಡಿ, ಎಣ್ಣೆ ಹಚ್ಚಬೇಡಿ, ಬೆಂಕಿ ತೋರಿಸಬೇಡಿ. ಬೇಗ ತೆಗೆದಷ್ಟೂ ಒಳ್ಳೆಯದು: ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾ ದಾಟಲು ಉಣುಗು ಸಾಮಾನ್ಯವಾಗಿ 24 ಗಂಟೆಗಿಂತ ಜಾಸ್ತಿ ಕಚ್ಚಿಕೊಂಡಿರಬೇಕು, ಬೇರೆ ಕೆಲವು ರೋಗಾಣುಗಳು ಅದಕ್ಕಿಂತ ಬೇಗ ದಾಟುತ್ತವೆ. ಆಮೇಲಿನ ವಾರಗಳಲ್ಲಿ ಜ್ವರ ಅಥವಾ ಚರ್ಮದ ಮೇಲೆ ಕೆಂಪು ಗುರುತು ಬಂದರೆ ಉಣುಗು ಕಚ್ಚಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಜಿಗಣೆ ಹತ್ತಿದರೆ ಗಾಬರಿ ಬೇಡ, ಸಪೂರ ತುದಿಯ ಬಳಿ ಉಗುರು ತೂರಿಸಿ ಬಿಡಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ.

ಇಷ್ಟು ಚಿಕ್ಕ ಕಾಡಿನಲ್ಲಿ ದಾರಿ ತಪ್ಪುತ್ತದಾ ಅಂದರೆ, ತಪ್ಪುತ್ತದೆ. ಚಿಕ್ಕದು ಅನ್ನುವ ಧೈರ್ಯದಿಂದಲೇ ಜನ ಮ್ಯಾಪ್ ನೋಡದೆ ಒಳದಾರಿ ಹಿಡಿಯುತ್ತಾರೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಜೊತೆಯವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಮತಟ್ಟಾದ ಕಾಡಿನಲ್ಲಿ ಜನರಿಗೆ ನೇರವಾಗಿ ನಡೆಯಿರಿ ಅಂತ ಹೇಳಿ ಜಿಪಿಎಸ್ ಕಟ್ಟಿ ಬಿಟ್ಟರು. ಸೂರ್ಯ ಕಾಣುತ್ತಿದ್ದಾಗ ನಡೆದವರು ಹೆಚ್ಚುಕಮ್ಮಿ ನೇರ ಹೋದರು. ಮೋಡ ಕವಿದಿದ್ದಾಗ ನಡೆದವರು ಸುತ್ತು ಹಾಕಿ ತಾವೇ ನಡೆದ ದಾರಿಯನ್ನು ಮತ್ತೆ ಮತ್ತೆ ದಾಟಿದರು, ಅವರಿಗದು ಗೊತ್ತೇ ಆಗಲಿಲ್ಲ. ಆದ್ದರಿಂದ ದಾರಿ ತಪ್ಪಿದೆ ಅನ್ನಿಸಿದ ಕೂಡಲೇ ನಿಲ್ಲಿ. ಕೊನೆಯ ಗುರುತು ಎಲ್ಲಿ ಕಂಡಿತ್ತೋ ಅಲ್ಲಿಗೆ, ಬಂದ ಹೆಜ್ಜೆಯಲ್ಲೇ ವಾಪಸ್ ಹೋಗಿ. ಅಂದಾಜಿನ ಮೇಲೆ ಅಡ್ಡ ಹಾಯಬೇಡಿ.

ಗುರುತು ಅಂದರೆ ಮರಕ್ಕೆ ಬಳಿದ ಬಣ್ಣದ ಪಟ್ಟಿ. ಅಮೆರಿಕದ ಅಪಲಾಚಿಯನ್ ಟ್ರೇಲ್‌ನಲ್ಲಿ 3,500 ಕಿಲೋಮೀಟರ್ ಉದ್ದಕ್ಕೂ ಎರಡಿಂಚು ಅಗಲ, ಆರಿಂಚು ಎತ್ತರದ ಬಿಳಿ ಪಟ್ಟಿಗಳೇ ದಾರಿ ತೋರಿಸುತ್ತವೆ. ಎರಡು ಪಟ್ಟಿ ಒಂದರ ಮೇಲೊಂದು ಇದ್ದರೆ ಮುಂದೆ ತಿರುವು ಇದೆ, ನೋಡಿಕೊಂಡು ಹೋಗಿ ಅಂತ. ನಿಮ್ಮ ಕಾಡಿನ ಗುರುತುಗಳ ಅರ್ಥ ಗೇಟಿನ ಬೋರ್ಡಿನಲ್ಲಿ ಇರುತ್ತದೆ, ಅದರ ಫೋಟೋ ತೆಗೆದುಕೊಳ್ಳಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ, ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ನಡೆಯುತ್ತದೆ. ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿರಿ. ಮಗನಿಗೆ ಒಂದೇ ಪಾಠ: ನಾವು ಕಾಣದಿದ್ದರೆ ಹತ್ತಿರದ ಮರ ತಬ್ಬಿಕೊಂಡು ಅಲ್ಲೇ ಇರು, ಸೀಟಿ ಊದು. 1981ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟದಲ್ಲಿ ಕಳೆದುಹೋದ ಒಬ್ಬ ಹುಡುಗ ಬದುಕಿ ಸಿಗಲಿಲ್ಲ. ಹುಡುಕಲು ಹೋದವರು ಆ ನೋವಿನಲ್ಲೇ ಶುರು ಮಾಡಿದ ಪಾಠ ಇದು, ಈಗ ಬೇರೆ ದೇಶಗಳಲ್ಲೂ ಮಕ್ಕಳಿಗೆ ಹೇಳಿಕೊಡುತ್ತಾರೆ. ಅಲೆಯದ ಮಗು ಬೇಗ ಸಿಗುತ್ತದೆ.

ಗುಡುಗು ಕೇಳಿದರೆ ವಾಪಸ್. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ಮತ್ತೆ ಹೊರಡಬೇಡಿ. ಜೋರು ಗಾಳಿ ಇರುವ ದಿನ ಕಾಡೇ ಬೇಡ, ಒಣಗಿದ ಕೊಂಬೆ ಯಾವಾಗ ಬೀಳುತ್ತದೆ ಹೇಳಲಾಗದು. ಕೂರುವ ಮುಂಚೆ ಸಹ ಒಮ್ಮೆ ತಲೆ ಎತ್ತಿ ನೋಡಿ.

ನೀವು ಕೇಳದ ಒಂದು ಮಾತು ಸೇರಿಸುತ್ತೇನೆ, ಇದು ನನಗೆ ತುಂಬಾ ಮುಖ್ಯ. ಮಳೆಗಾಲದಲ್ಲಿ ದಾರಿಯ ನಡುವೆ ಕೆಸರಿದ್ದರೆ ಎಲ್ಲರೂ ಬದಿಯ ಹುಲ್ಲಿನ ಮೇಲೆ ಸುತ್ತಿ ಹೋಗುತ್ತಾರೆ. ಹಾಗೆ ಮಾಡಬೇಡಿ, ಕೆಸರಿನಲ್ಲೇ ನಡೆಯಿರಿ. ಯಾರೂ ತುಳಿಯದ ನೆಲಕ್ಕೆ ಹೆಚ್ಚಿನ ಪೆಟ್ಟು ಬೀಳುವುದು ಮೊದಲ ಕೆಲವು ಹೆಜ್ಜೆಗಳಿಂದಲೇ, ಈಗಾಗಲೇ ಸವೆದ ದಾರಿಯಲ್ಲಿ ಇನ್ನೂ ನೂರು ಜನ ನಡೆದರೂ ಹಾನಿ ಅಷ್ಟೇನೂ ಏರುವುದಿಲ್ಲ. ಮರದ ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ನೆರಳಿಗಿಂತಲೂ ಆಚೆ ಹರಡಿರುತ್ತವೆ. ತುಳಿದು ಗಟ್ಟಿಯಾದ ಮಣ್ಣಿನಲ್ಲಿ ಅವಕ್ಕೆ ಗಾಳಿಯೂ ಸಿಗದು, ನೀರೂ ಇಳಿಯದು. ಒಂದು ಅಡಿ ಅಗಲದ ದಾರಿ ಒಂದೇ ಮಳೆಗಾಲದಲ್ಲಿ ಆರು ಅಡಿ ಆಗುವುದು ಹೀಗೆಯೇ. ಚಿಕ್ಕ ಕಾಡಿಗೆ ಅಷ್ಟು ಜಾಗ ಕಳೆದುಕೊಳ್ಳುವ ಶಕ್ತಿ ಇಲ್ಲ.

ಆಮೇಲೆ ಶೂ ಅಡಿ ಉಜ್ಜಿ ತೊಳೆಯಿರಿ, ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ನ್ಯೂಜಿಲೆಂಡಿನ ಕೌರಿ ಅನ್ನುವ ದೈತ್ಯ ಮರಗಳು ಮಣ್ಣಿನಲ್ಲಿರುವ ಒಂದು ಸೂಕ್ಷ್ಮ ಜೀವಿಯಿಂದ ಬೇರು ಕೊಳೆತು ಸಾಯುತ್ತಿವೆ. ನಡೆಯುವವರ ಶೂಗೆ ಅಂಟಿದ ಮಣ್ಣಿನಲ್ಲೂ ಅದು ಸಾಗುತ್ತದೆ. ಅದಕ್ಕೇ ಅಲ್ಲಿನ ಟ್ರೇಲ್‌ಗಳ ಶುರುವಿನಲ್ಲೇ ಶೂ ತೊಳೆಯುವ ವ್ಯವಸ್ಥೆ ಇಟ್ಟಿದ್ದಾರೆ, ಕೆಲವು ದಾರಿಗಳನ್ನು ಮುಚ್ಚಿಯೇ ಬಿಟ್ಟಿದ್ದಾರೆ. ಸಾಕ್ಸಿಗೆ ಅಂಟಿದ ಕಳೆಬೀಜವನ್ನೂ ಕಾಡಿನಲ್ಲಿ ಕಿತ್ತು ಎಸೆಯಬೇಡಿ, ಮನೆಗೆ ತಂದು ಕಸದ ಡಬ್ಬಿಗೆ ಹಾಕಿ.

ಮುಂದಿನ ಸಲಕ್ಕೆ ಹೀಗೆ ಮಾಡಿ. ಮೂರರಲ್ಲಿ ಏರಿಳಿತ ಕಡಿಮೆ ಇರುವ ದಾರಿ ಯಾವುದು, ಅದರಲ್ಲಿ ಕೂರಲು ಬೆಂಚು ಎಲ್ಲಿದೆ, ಮರಿ ಮಾಡುವ ಕಾಲಕ್ಕೆ ಯಾವ ಭಾಗ ಮುಚ್ಚಿರುತ್ತಾರೆ, ಇಷ್ಟನ್ನು ಗೇಟಿನ ಸಿಬ್ಬಂದಿಯನ್ನು ಕೇಳಿ. ದಿನಾ ಅಲ್ಲೇ ಇರುವ ಅವರಿಗೆ ಯಾವ ಮರ ಈಗ ಹಣ್ಣು ಬಿಟ್ಟಿದೆ ಅಂತಲೂ ಗೊತ್ತಿರುತ್ತದೆ. ಹಣ್ಣು ಬಿಟ್ಟ ಮರದ ಹತ್ತಿರ ಹಕ್ಕಿ ಹುಡುಕುವುದೇ ಬೇಡ, ಸ್ವಲ್ಪ ದೂರದಲ್ಲಿ ಕೂತರೆ ಅವೇ ಬರುತ್ತವೆ. ಗೇಟ್ ತೆರೆಯುವ ಹೊತ್ತಿಗೆ ಹೊರಡಿ, ಅರ್ಧ ಕಿಲೋಮೀಟರಿನಲ್ಲೇ ಅಂಥ ಮರ ಸಿಕ್ಕರೆ ಅವತ್ತಿಗೆ ಅಲ್ಲೇ ನಿಲ್ಲಿ.